ಚಿಪ್ ಭದ್ರತೆಯ ಪೇಪರಿಗೆ ಕಂಪನಿ ಪ್ರಶಸ್ತಿ: ನಾಮನಿರ್ದೇಶನ ಪತ್ರದಲ್ಲಿ ಏನಿರಬೇಕು?

ಎಲ್‌ತ್ರೀ_ಪದರ

ಪ್ರೊಸೆಸರ್ ಕಂಪನಿಗಳು ವಿಶ್ವವಿದ್ಯಾಲಯಗಳ ಸಂಶೋಧನೆಗೆ ಕೊಡುವ ಪ್ರಶಸ್ತಿಗಳ ಬಗ್ಗೆ ಕೇಳಬೇಕಿತ್ತು. ಇಂಟೆಲ್‌ನ ಹಾರ್ಡ್‌ವೇರ್ ಸೆಕ್ಯುರಿಟಿ ಅಕಾಡೆಮಿಕ್ ಅವಾರ್ಡ್ ಥರದ್ದು. ಪ್ರಕಟವಾದ ಪೇಪರ್ ಕೈಯಲ್ಲಿದೆ. ವಿಷಯ: ಎಲ್ಲ ಕೋರ್‌ಗಳೂ ಹಂಚಿಕೊಳ್ಳುವ ಕೊನೇ ಹಂತದ ಕ್ಯಾಶ್‌ನಲ್ಲಿ (ಮೆಮೊರಿಯ ಮಾಹಿತಿ ಬೇಗ ಸಿಗಲೆಂದು ಚಿಪ್‌ನೊಳಗೇ ಇಡುವ ಜಾಗ) ವಿಳಾಸಗಳನ್ನು ಕಲಸಿಟ್ಟು ದಾಳಿ ತಪ್ಪಿಸುವ ವಿನ್ಯಾಸ. ಪೇಪರನ್ನೇ ಸಂಕ್ಷಿಪ್ತಗೊಳಿಸಿ ಕಳಿಸಿದರೆ ಸಾಕಾ, ಬೇರೆ ಏನಾದರೂ ಬರೆಯಬೇಕಾ? ಬಗ್ ಬೌಂಟಿಗೂ ಇದಕ್ಕೂ ಏನು ವ್ಯತ್ಯಾಸ? ಹಣ ಬಂದರೆ ಅದು ಸಂಸ್ಥೆಗಾ, ಲೇಖಕರಿಗಾ? ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ.

ಮೈಕ್ರೋಕೋಡ್_ಮಾಮ

ಮೊದಲು ಮೂರು ದುಡ್ಡನ್ನು ಬೇರೆ ಬೇರೆ ಡಬ್ಬಿಗೆ ಹಾಕಿ. ಜನ ಕಲಸಿಬಿಡುತ್ತಾರೆ.

ಬೌಂಟಿ ಅಂದರೆ ತೂತು ತೋರಿಸಿದ್ದಕ್ಕೆ ಕೂಲಿ. ಇಂಟೆಲ್ 2017ರಲ್ಲಿ ಆಹ್ವಾನಿತರಿಗೆ ಮಾತ್ರ ಶುರು ಮಾಡಿ, ಸ್ಪೆಕ್ಟರ್ ಮತ್ತು ಮೆಲ್ಟ್‌ಡೌನ್ ಎಂಬ ಪ್ರೊಸೆಸರ್ ದೋಷಗಳು ಬಯಲಾದ ಮೇಲೆ 2018ರ ಫೆಬ್ರವರಿ 14ರಂದು ಎಲ್ಲರಿಗೂ ತೆರೆಯಿತು. ಸೈಡ್ ಚಾನೆಲ್‌ಗೆಂದೇ (ಸಮಯ, ವಿದ್ಯುತ್ ಥರದ ಪಕ್ಕದ ದಾರಿಯಿಂದ ಗುಟ್ಟು ಸೋರುವುದು) ಆ ವರ್ಷದ ಕೊನೆಯವರೆಗೆ 2,50,000 ಡಾಲರ್‌ವರೆಗಿನ ಬಹುಮಾನ ಇಟ್ಟಿತ್ತು. ಸ್ಪೆಕ್ಟರ್ 1.1 ಕಂಡುಹಿಡಿದ ಕಿರಿಯಾನ್‌ಸ್ಕಿ ಮತ್ತು ವಾಲ್ಡ್‌ಸ್ಪರ್ಗರ್‌ಗೆ 1,00,000 ಡಾಲರ್ ಸಿಕ್ಕಿದ್ದು ಈ ಡಬ್ಬಿಯಿಂದ. ಇಲ್ಲಿ ಮುಖ್ಯ ಷರತ್ತು: ಜಗತ್ತಿಗೆ ಹೇಳುವ ಮೊದಲು ಕಂಪನಿಗೆ ಹೇಳಬೇಕು. ಪೇಪರ್ ಪ್ರಕಟವಾದ ಮೇಲೆ ಹೋದರೆ ಬಾಗಿಲು ಮುಚ್ಚಿರುತ್ತದೆ.

ಅನುದಾನ ಮುಂದಿನ ಕೆಲಸಕ್ಕೆ ಸಿಗುವ ಹಣ. ಗೂಗಲ್‌ನ ರಿಸರ್ಚ್ ಸ್ಕಾಲರ್ ಇದಕ್ಕೆ ಉದಾಹರಣೆ. ಹೊಸದಾಗಿ ಸೇರಿದ ಪ್ರಾಧ್ಯಾಪಕರಿಗೆ 60,000 ಡಾಲರ್‌ವರೆಗೆ, ಅದೂ ವಿಶ್ವವಿದ್ಯಾಲಯಕ್ಕೆ ಷರತ್ತಿಲ್ಲದ ಕೊಡುಗೆಯಾಗಿ. ಷರತ್ತಿಲ್ಲದ ಕೊಡುಗೆ ಅಂದರೆ ವರದಿ ಒಪ್ಪಿಸುವ ಗಡುವಿಲ್ಲ, ಪೇಟೆಂಟ್ ಮೇಲೆ ಕಂಪನಿಗೆ ಹಕ್ಕಿಲ್ಲ. ಒಪ್ಪಂದದ ಸಂಶೋಧನೆಯಲ್ಲಿ ಇವೆರಡೂ ಇರುತ್ತವೆ.

ಪ್ರಶಸ್ತಿ ಮೂರನೆಯದು: ಆಗಲೇ ಪ್ರಕಟವಾಗಿ, ಸಹಸಂಶೋಧಕರ ವಿಮರ್ಶೆ ದಾಟಿ ಬಂದ ಕೆಲಸಕ್ಕೆ. ಓದುವವರು ಬಹುಪಾಲು ಕಂಪನಿಯ ಎಂಜಿನಿಯರುಗಳು. ಪೇಪರ್ ಸರಿಯಿದೆಯೇ ಅನ್ನುವುದು ಅವರ ಪ್ರಶ್ನೆಯಲ್ಲ, ಅದನ್ನು ಸಮ್ಮೇಳನದವರು ನೋಡಿಯಾಗಿದೆ. ಇದರಿಂದ ನಮ್ಮ ಮುಂದಿನ ವಿನ್ಯಾಸದಲ್ಲಿ ಏನು ಬದಲಾಗಬೇಕು ಅಂತ ಅವರು ಹುಡುಕುತ್ತಾರೆ. ಸಾರಾಂಶ ಕಳಿಸಿದರೆ ಆ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ.

ಅಳತೆಗೆ ಐಟ್ರಿಪಲ್‌ಇ ಮೈಕ್ರೋ ಪತ್ರಿಕೆಯ ಟಾಪ್ ಪಿಕ್ಸ್ ಸಲ್ಲಿಕೆಯ ಪದ್ಧತಿ ನೋಡಿಕೊಳ್ಳಿ. ಅದು ಕಂಪನಿಯದ್ದಲ್ಲ, ಆದರೂ ಅಚ್ಚು ಚೆನ್ನಾಗಿದೆ: ಎರಡು ಪುಟ ಕೆಲಸದ ಬಗ್ಗೆ, ಮೂರನೇ ಪುಟ ಪೂರ್ತಿ ಇದರ ಪರಿಣಾಮ ಎಷ್ಟು ದಿನ ನಿಲ್ಲುತ್ತದೆ ಅನ್ನುವ ವಾದಕ್ಕೆ. ಮೂರನೇ ಪುಟ ಬರೆಯಲಾಗದಿದ್ದರೆ ನಾಮನಿರ್ದೇಶನ ಬೇಡ.

ಇಂಟರಪ್ಟ್_ಗೌಡ

ಮಾಮ ಹೇಳಿದ್ದಕ್ಕೆ ಒಂದು ಉದಾಹರಣೆ ಸೇರಿಸುತ್ತೇನೆ. ಇಂಟೆಲ್‌ನ ಈ ಪ್ರಶಸ್ತಿ ಬಂದ ಪೇಪರ್‌ಗಳಲ್ಲಿ ಎಂಐಟಿಯ ಜ್ಯಾಕ್ ಕುಕ್, ಜೂಲ್ಸ್ ಡ್ರೀನ್, ಜೊನಾಥನ್ ಬೆಹ್ರೆನ್ಸ್, ಮೆಂಗ್‌ಜಿಯಾ ಯಾನ್ ಬರೆದದ್ದೂ ಒಂದು. 2022ರ ಇಸ್ಕಾ (ಕಂಪ್ಯೂಟರ್ ವಿನ್ಯಾಸದ) ಸಮ್ಮೇಳನದ್ದು. ಶುರುವಾಗಿದ್ದು ತರಗತಿಯ ಅಸೈನ್‌ಮೆಂಟ್ ಆಗಿ.

ಹಿಂದಿನ ಕತೆ ಹೀಗೆ. ಒಂದು ಟ್ಯಾಬ್‌ನಲ್ಲಿರುವ ಜಾವಾಸ್ಕ್ರಿಪ್ಟ್, ಪಕ್ಕದ ಟ್ಯಾಬ್‌ನಲ್ಲಿ ಯಾವ ಜಾಲತಾಣ ತೆರೆದಿದ್ದೀರಿ ಅಂತ ಊಹಿಸುವ ದಾಳಿ 2019ರಲ್ಲೇ ಇತ್ತು. ಕೊನೇ ಹಂತದ ಕ್ಯಾಶ್‌ನಷ್ಟೇ ದೊಡ್ಡ ಅರೇ ಇಟ್ಟುಕೊಂಡು ಅದನ್ನು ಮತ್ತೆ ಮತ್ತೆ ಗುಡಿಸುವುದು, ಕೆಲವು ಮಿಲಿಸೆಕೆಂಡಿನ ಒಂದೊಂದು ಅವಧಿಯಲ್ಲಿ ಎಷ್ಟು ಸಲ ಗುಡಿಸಲಾಯಿತು ಅಂತ ಬರೆದುಕೊಳ್ಳುವುದು, ಆ ಸಾಲನ್ನು ನ್ಯೂರಲ್ ನೆಟ್‌ವರ್ಕಿಗೆ ಕೊಡುವುದು. ಪಕ್ಕದ ಟ್ಯಾಬ್ ಕ್ಯಾಶ್ ತುಂಬಿಕೊಂಡರೆ ಗುಡಿಸುವುದು ನಿಧಾನವಾಗುತ್ತದೆ, ಆದ್ದರಿಂದ ಸೋರುತ್ತಿರುವುದು ಕ್ಯಾಶ್‌ನಿಂದ ಅನ್ನುವುದು ಎಲ್ಲರ ನಂಬಿಕೆ.

ಎಂಐಟಿಯವರು ಅರೇ ಕಿತ್ತುಹಾಕಿದರು. ಅದರ ಜಾಗದಲ್ಲಿ ಇದ್ದದ್ದು ಒಂದು ಕೌಂಟರ್‌ಗೆ ಒಂದು ಕೂಡಿಸುವ ಬರೀ ಲೂಪ್. ಮೆಮೊರಿ ಮುಟ್ಟುವುದೇ ಇಲ್ಲ. ನಿಖರತೆ ಇಳಿಯಲಿಲ್ಲ, ಏರಿತು. ಅಂದರೆ ದಾಳಿ ಕ್ಯಾಶ್ ನೋಡುತ್ತಲೇ ಇರಲಿಲ್ಲ. ಪುಟ ತೆರೆದಾಗ ನೆಟ್‌ವರ್ಕ್, ಗ್ರಾಫಿಕ್ಸ್, ಟೈಮರ್, ಒಂದು ಕೋರ್ ಇನ್ನೊಂದಕ್ಕೆ ಕಳಿಸುವ ಸೂಚನೆ, ಹೀಗೆ ಇಂಟರಪ್ಟ್‌ಗಳು (ಕೈಯಲ್ಲಿರುವ ಕೆಲಸ ಬಿಟ್ಟು ಇದನ್ನು ನೋಡು ಅನ್ನುವ ಸಂಕೇತಗಳು) ಬಂದು ಲೂಪನ್ನು ನಿಲ್ಲಿಸುತ್ತವೆ. ಆ ಸಮಯದಲ್ಲಿ ಎಣಿಕೆ ಕಡಿಮೆಯಾಗುತ್ತದೆ. ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್ ಒಳಗೆ ಇಬಿಪಿಎಫ್ ಅನ್ನುವ ನಿಗಾ ಸಾಧನ ಹಾಕಿ ಲೂಪ್ ನಿಂತ ಗಳಿಗೆ, ಇಂಟರಪ್ಟ್ ಬಂದ ಗಳಿಗೆ ಎರಡನ್ನೂ ಅಕ್ಕಪಕ್ಕ ಇಟ್ಟರು. ಹೊಂದಿಕೆಯಾಯಿತು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಅಂತೀವಲ್ಲ, ಅದನ್ನೇ ಉಳಿದವರು ಮಾಡುತ್ತಿದ್ದರು. ಕ್ಯಾಶ್ ವಿಭಜಿಸಿದರೂ, ಕಲಸಿದರೂ ಈ ದಾಳಿ ನಿಲ್ಲುವುದಿಲ್ಲ. ಇಂಟರಪ್ಟ್‌ಗಳನ್ನು ಬೇರೆ ಕೋರ್‌ಗೆ ಕಟ್ಟಿದರೂ ಪೂರ್ತಿ ನಿಲ್ಲುವುದಿಲ್ಲ: ನೆಟ್‌ವರ್ಕ್ ಕಾರ್ಡಿನದ್ದನ್ನು ಸರಿಸಬಹುದು, ಆಯಾ ಕೋರಿನ ಟೈಮರ್ ಮತ್ತು ಟಿಎಲ್‌ಬಿ (ವಿಳಾಸ ಅನುವಾದದ ಪಟ್ಟಿ) ಖಾಲಿ ಮಾಡಿಸುವ ಸೂಚನೆಗಳನ್ನು ಸರಿಸಲಾಗದು. ಬ್ರೌಸರಿನ ಗಡಿಯಾರವನ್ನು ಯಾದೃಚ್ಛಿಕವಾಗಿ ಮುಂದೂಡುವುದು ಅವರು ಸೂಚಿಸಿದ ಮದ್ದು.

ಕಂಪನಿಗೆ ಇದರಿಂದ ಆದ ಲಾಭ ಏನು? ತಪ್ಪು ಜಾಗದಲ್ಲಿ ಸಿಲಿಕಾನ್ ಸುರಿಯುವುದು ತಪ್ಪಿತು. ಎಲ್‌ತ್ರೀ ಸರ್, ನಿಮ್ಮದು ಕ್ಯಾಶ್ ಪೇಪರ್. ಸೋರುವುದು ಕ್ಯಾಶ್‌ನಿಂದಲೇ ಅಂತ ನೀವು ಹೇಗೆ ತೋರಿಸಿದ್ದೀರಿ? ಕ್ಯಾಶ್ ಭಾಗ ಕಿತ್ತು ಅದೇ ದಾಳಿ ಓಡಿಸಿ ನೋಡಿದ್ದೀರಾ? ಆ ಒಂದು ಚಿತ್ರ ನಾಮನಿರ್ದೇಶನದ ಮೊದಲ ಪುಟದಲ್ಲಿರಲಿ.

ಕೊಂಕು_ಪ್ರಶ್ನೆ

ನನ್ನದೊಂದು ತಕರಾರು. ಪ್ರಶಸ್ತಿ ಕೊಡುವುದೂ ಅದೇ ಕಂಪನಿ, ಪೇಪರ್ ಬೆತ್ತಲೆ ಮಾಡುವುದೂ ಅದೇ ಕಂಪನಿಯ ಚಿಪ್. ಪ್ರಚಾರಕ್ಕಲ್ಲದೆ ಇನ್ನೇನು? ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ. ಹರ್ಟ್ಜ್‌ಬ್ಲೀಡ್ ನೋಡಿ. ಲೆಕ್ಕ ಹಾಕುವ ಅಂಕಿಗೆ ತಕ್ಕಂತೆ ವಿದ್ಯುತ್ ಬಳಕೆ ಬದಲಾಗಿ, ಅದರಿಂದ ಗಡಿಯಾರದ ವೇಗ ಬದಲಾಗಿ, ಸಮಾನ ಸಮಯದಲ್ಲಿ ಮುಗಿಯುವಂತೆ ಬರೆದ ಕ್ರಿಪ್ಟೋ ಕೋಡ್ ಕೂಡ ದೂರದಿಂದಲೇ ಸೋರುತ್ತದೆ ಅಂತ ತೋರಿಸಿದ ಕೆಲಸ. 2021ರ ಮೂರನೇ ತ್ರೈಮಾಸಿಕದಲ್ಲಿ ಇಂಟೆಲ್‌ಗೆ ತಿಳಿಸಿದರು, ಬಹಿರಂಗವಾಗಿದ್ದು 2022ರ ಜೂನ್ 14ಕ್ಕೆ. ಮೈಕ್ರೋಕೋಡ್ (ಚಿಪ್‌ನೊಳಗಿನ ಕೋಡ್) ತೇಪೆ ಮಾತ್ರ ಇಂಟೆಲ್ ಕೊಡಲಿಲ್ಲ, ಎಎಂಡಿಯೂ ಕೊಡಲಿಲ್ಲ.

ಮೈಕ್ರೋಕೋಡ್_ಮಾಮ

ತೇಪೆ ಕೊಡದ್ದು ಉದಾಸೀನದಿಂದ ಅಂತ ಅಂದುಕೊಳ್ಳಬೇಡಿ. ವೇಗ ಏರಿಳಿಸುವುದನ್ನೇ ನಿಲ್ಲಿಸಿದರೆ ಆ ಸೋರಿಕೆ ನಿಲ್ಲುತ್ತದೆ, ಆದರೆ ಟರ್ಬೋ (ವೇಗ ಏರಿಸುವ ಸೌಲಭ್ಯ) ಆಫ್ ಮಾಡಿದ ಪ್ರೊಸೆಸರನ್ನು ಯಾರು ಕೊಳ್ಳುತ್ತಾರೆ? ಕೊನೆಗೆ ಬದಲಾಗಿದ್ದು ಕ್ರಿಪ್ಟೋ ಲೈಬ್ರರಿಗಳು. ಪ್ರಚಾರದ ಅಂಶ ಇದೆ, ಒಪ್ಪುತ್ತೇನೆ. ಹಾಗಂತ ಪ್ರಶಸ್ತಿಯ ಆಸೆಗೆ ಎಂಬಾರ್ಗೋ ದಿನ (ದೋಷ ಬಹಿರಂಗಪಡಿಸದೆ ಕಾಯುವ ಗಡುವು) ಮುಂದಕ್ಕೆ ಹಾಕಲು ತಲೆಯಾಡಿಸುತ್ತಾ ಕೂರಬೇಡಿ. ಸಮ್ಮೇಳನದ ದಿನಾಂಕವನ್ನು ಮೊದಲ ಇಮೇಲ್‌ನಲ್ಲೇ ಬರೆಯಿರಿ. ಪ್ರಶಸ್ತಿ ಸಮಿತಿಯೂ ಭದ್ರತಾ ಪ್ರತಿಕ್ರಿಯೆ ತಂಡವೂ ಬೇರೆ ಬೇರೆ. ಒಂದರ ಮಾತನ್ನು ಇನ್ನೊಂದರ ಹತ್ತಿರ ಎತ್ತಬೇಡಿ.

ಹದಿನೇಳು_ಗುಂಪು

ವಿಳಾಸ ಕಲಸುವ ಕ್ಯಾಶ್ ಅಂದಿರಲ್ಲ, ಅಲ್ಲಿ ಒಂದು ಗುಂಡಿ ಇದೆ. ಸಮಿತಿಯವರಿಗೆ ಅದು ಚೆನ್ನಾಗಿ ಗೊತ್ತು.

2018ರ ಮೈಕ್ರೋ ಸಮ್ಮೇಳನದಲ್ಲಿ ಮೊಯಿನುದ್ದೀನ್ ಖುರೇಶಿ ಸೀಸರ್ ಅನ್ನುವ ವಿನ್ಯಾಸ ಕೊಟ್ಟರು: ವಿಳಾಸವನ್ನು ಗೂಢಲಿಪಿಗೆ ತಿರುಗಿಸಿ ಕ್ಯಾಶ್ ಸೆಟ್ (ಕ್ಯಾಶ್‌ನ ಒಂದೊಂದು ತುಂಡು ಒಂದು ಸಾಲು, ಕೆಲವೇ ಸಾಲು ಹಿಡಿಯುವ ಗೂಡು ಸೆಟ್) ಆಯ್ದುಕೊಳ್ಳುವುದು, ಕೀಲಿಯನ್ನು ಆಗಾಗ ಬದಲಿಸುತ್ತಾ ಸಾಲುಗಳನ್ನು ಸ್ವಲ್ಪ ಸ್ವಲ್ಪವೇ ಸ್ಥಳಾಂತರಿಸುವುದು. ನೂರು ಪ್ರವೇಶಕ್ಕೆ ಒಂದು ಸಾಲು ಸರಿಸಿದರೆ ಸಾಕು ಅನ್ನುವುದು ಲೆಕ್ಕ. ಲೆಕ್ಕ ತಪ್ಪಿರಲಿಲ್ಲ, ಆದರೆ ಅದರ ಬುಡದಲ್ಲಿ ಒಂದು ಊಹೆ ಇತ್ತು: ಒಂದೇ ಸೆಟ್‌ಗೆ ಬೀಳುವ ವಿಳಾಸಗಳ ಗುಂಪನ್ನು ಹುಡುಕಲು ದಾಳಿಕೋರನಿಗೆ ವಿಳಾಸಗಳ ಸಂಖ್ಯೆಯ ವರ್ಗದಷ್ಟು ಪ್ರವೇಶ ಬೇಕು ಅಂತ. ಒಂದೊಂದೇ ವಿಳಾಸ ತೆಗೆದು ಪರೀಕ್ಷಿಸಿದರೆ ಅಷ್ಟೇ ಬೇಕು.

2019ರಲ್ಲಿ ವಿಲಾ, ಕೋಪ್ಫ್, ಮೊರಾಲೆಸ್ ಬೇರೆ ದಾರಿ ತೋರಿಸಿದರು. 16 ದಾರಿಯ ಕ್ಯಾಶ್ (ಒಂದು ಸೆಟ್‌ನಲ್ಲಿ 16 ಸಾಲು) ಇದ್ದರೆ ವಿಳಾಸಗಳನ್ನು 17 ಗುಂಪು ಮಾಡಿ. ಒಂದೇ ಸೆಟ್‌ಗೆ ಬಿದ್ದು ಡಿಕ್ಕಿಯಾಗುವ ವಿಳಾಸ ಬೇಕಾದ್ದು 16 ಮಾತ್ರ, ಅವು ಹೆಚ್ಚೆಂದರೆ 16 ಗುಂಪಿನಲ್ಲಿರುತ್ತವೆ, ಅಂದರೆ ಕನಿಷ್ಠ ಒಂದು ಗುಂಪನ್ನು ಇಡಿಯಾಗಿ ಎಸೆಯಬಹುದು. ಎಸೆದು, ಉಳಿದದ್ದನ್ನು ಮತ್ತೆ 17 ಮಾಡಿ. ಕೆಲಸ ಈಗ ವಿಳಾಸಗಳ ಸಂಖ್ಯೆಗೆ ನೇರ ಅನುಪಾತ. ಇಷ್ಟಾದ ಮೇಲೆ ನೂರಕ್ಕೆ ಒಂದು ಸರಿಸುವುದು ಸಾಲದು, ಇನ್ನೂ ಬೇಗ ಸರಿಸಿದರೆ ಕ್ಯಾಶ್ ತನ್ನ ಕೆಲಸವನ್ನೇ ಮಾಡಲಾರದು. ಖುರೇಶಿಯವರೇ ಅದೇ ವರ್ಷ ಇಸ್ಕಾದಲ್ಲಿ ಹೊಸ ದಾಳಿಗಳನ್ನೂ ತಿದ್ದಿದ ವಿನ್ಯಾಸವನ್ನೂ ಒಟ್ಟಿಗೆ ಪ್ರಕಟಿಸಿದರು. ಅದನ್ನೂ ಆಮೇಲೆ ಬೇರೆಯವರು ಸಡಿಲಿಸಿದರು. 2021ರ ಮಿರಾಜ್ ವಿನ್ಯಾಸ ಸೆಟ್‌ನೊಳಗಿನ ಡಿಕ್ಕಿಯಿಂದ ಸಾಲು ಹೊರಬೀಳುವುದನ್ನೇ ಹೆಚ್ಚುಕಡಿಮೆ ಇಲ್ಲವಾಗಿಸಿತು. ಅದಕ್ಕೆ ತೆತ್ತ ಬೆಲೆ ಸರಾಸರಿ ಶೇ 2 ನಿಧಾನ ಮತ್ತು ಶೇ 17ರಿಂದ 20 ಹೆಚ್ಚು ಸಂಗ್ರಹ ಜಾಗ.

ಹಾಗಾಗಿ "ನಮ್ಮ ವಿನ್ಯಾಸ ಇಷ್ಟು ವರ್ಷ ತಡೆಯುತ್ತದೆ" ಅಂತ ಬರೆಯುವಾಗ ಯಾವ ಅಲ್ಗಾರಿದಮ್ ವಿರುದ್ಧ ಅಂತ ಬರೆಯಿರಿ. ಅದಕ್ಕಿಂತ ಹತ್ತು ಪಟ್ಟು ಚುರುಕಾದದ್ದು ನಾಳೆ ಬಂದರೆ ವಿನ್ಯಾಸ ಮುರಿಯುತ್ತದೋ ಬರೀ ಬಾಗುತ್ತದೋ ಅದನ್ನೂ ಬರೆಯಿರಿ.

ಸ್ಟೆಪ್ಪಿಂಗ್_ಸಂಖ್ಯೆ

ಕೆಲಸ ಮರುಕಳಿಸುವಂತಿರಬೇಕು ಅನ್ನುವುದನ್ನು ಯಾರೂ ಹೇಳಲಿಲ್ಲ. ಯೂಸ್‌ನಿಕ್ಸ್ ಸಮ್ಮೇಳನಗಳಲ್ಲಿ ಕೋಡ್ ಮೌಲ್ಯಮಾಪನಕ್ಕೆ ಮೂರು ಮುದ್ರೆ ಇವೆ: ಲಭ್ಯ, ಕೆಲಸ ಮಾಡುತ್ತದೆ, ಫಲಿತಾಂಶ ಮರಳಿ ಬಂತು. ಮೂರನೆಯದಿದ್ದರೆ ಪತ್ರದಲ್ಲಿ ಒಂದು ಸಾಲು ಸಾಕು. ಇಲ್ಲದಿದ್ದರೆ ಕಂಪನಿಯ ಎಂಜಿನಿಯರ್ ತನ್ನ ಮೇಜಿನ ಮೇಲೆ ಓಡಿಸಿ ನೋಡುವ ಸಾಧ್ಯತೆ ಇದೆ, ಅವನ ಯಂತ್ರದಲ್ಲಿ ಓಡದೆ ಹೋಗುವ ಸಾಧ್ಯತೆ ಇನ್ನೂ ಹೆಚ್ಚು.

ಕಾರಣ ಬಹುತೇಕ ಇವೇ. "ಎಂಟನೇ ತಲೆಮಾರಿನ ಐ7" ಅಂತ ಬರೆದು ಬಿಟ್ಟಿರುತ್ತಾರೆ. ಅದೇ ಹೆಸರಿನ ಚಿಪ್‌ನ ಒಂದು ಸ್ಟೆಪ್ಪಿಂಗ್‌ನಲ್ಲಿ (ಪರಿಷ್ಕರಣೆಯಲ್ಲಿ) ತೂತು ಇದ್ದು ಮುಂದಿನದರಲ್ಲಿ ಮುಚ್ಚಿರಬಹುದು. ಫ್ಯಾಮಿಲಿ, ಮಾಡೆಲ್, ಸ್ಟೆಪ್ಪಿಂಗ್, ಮೈಕ್ರೋಕೋಡ್ ಆವೃತ್ತಿ ನಾಲ್ಕೂ ಬೇಕು. ಲಿನಕ್ಸ್‌ನಲ್ಲಿ ಸಿಪಿಯು ಮಾಹಿತಿಯ ಫೈಲಿನಲ್ಲೇ ಸಿಗುತ್ತವೆ. ಕರ್ನಲ್ ಯಾವ ರಕ್ಷಣೆ ಹಾಕಿದೆ ಅನ್ನುವುದು ಸಿಸ್‌ಎಫ್‌ಎಸ್‌ನ ವಲ್ನರಬಿಲಿಟೀಸ್ ಕಡತಕೋಶದಲ್ಲಿದೆ, ಅದನ್ನು ಹಾಗೇ ನಕಲಿಸಿ ಅಂಟಿಸಿ.

ಪ್ರೀಫೆಚರ್ ಇನ್ನೊಂದು ಕಾಟ. ಸಾಲುಸಾಲಾಗಿ ಅರೇ ಓದಿದರೆ ಪ್ರೊಸೆಸರ್ ಮುಂದಿನ ಸಾಲನ್ನು ತಾನೇ ತಂದಿಟ್ಟಿರುತ್ತದೆ, ನೀವು ಮಿಸ್ (ಕ್ಯಾಶ್‌ನಲ್ಲಿಲ್ಲ) ಅಂದುಕೊಂಡದ್ದು ಹಿಟ್ (ಕ್ಯಾಶ್‌ನಲ್ಲಿದೆ) ಆಗಿರುತ್ತದೆ. ಇಂಟೆಲ್‌ನ ಹಲವು ಚಿಪ್‌ಗಳಲ್ಲಿ 1ಎ4 ಅನ್ನುವ ಮಾಡೆಲ್ ರಿಜಿಸ್ಟರಿನ ಕೆಳಗಿನ ನಾಲ್ಕು ಬಿಟ್‌ಗಳಿಗೆ 1 ಬರೆದರೆ ನಾಲ್ಕು ಪ್ರೀಫೆಚರ್‌ಗಳೂ ಆಫ್. ಆದರೆ ಆಫ್ ಮಾಡಿದ್ದರೆ ಹಾಗಂತ ಪೇಪರಿನಲ್ಲಿ ಹೇಳಬೇಕು. ನಿಜವಾದ ಬಳಕೆದಾರನ ಯಂತ್ರದಲ್ಲಿ ಅವು ಆನ್ ಇರುತ್ತವೆ. ಅರೇಯನ್ನು ಕಲಸಿದ ಕ್ರಮದಲ್ಲಿ ಓದುವುದು ಇದಕ್ಕಿಂತ ಪ್ರಾಮಾಣಿಕ.

ಮೂರನೆಯದು, ಮಿತಿಯ ಅಂಕಿಯನ್ನು ಕೋಡಿನಲ್ಲಿ ಕೆತ್ತಿಡುವುದು. ಎಲ್1 (ಅತಿ ಹತ್ತಿರದ ಕ್ಯಾಶ್) ಹಿಟ್ 4-5 ಸೈಕಲ್, ಮುಖ್ಯ ಮೆಮೊರಿ ಡಿರ್ಯಾಮ್‌ವರೆಗೆ ಹೋದರೆ 200ಕ್ಕೂ ಹೆಚ್ಚು, ನಡುವೆ 100 ಅಂತ ಗೆರೆ ಎಳೆದರೆ ನಿಮ್ಮ ಯಂತ್ರದಲ್ಲಿ ಸರಿ. ವೇಗ ಕಡಿಮೆಯಿರುವ ಲ್ಯಾಪ್‌ಟಾಪಿನಲ್ಲಿ ಸಮಯಮುದ್ರೆಯ ಕೌಂಟರ್ ಸ್ಥಿರ ವೇಗದಲ್ಲಿ, ಕೋರ್ ಬೇರೆ ವೇಗದಲ್ಲಿ ಓಡುತ್ತಿರುತ್ತದೆ. ಅಂಕಿ ಎಲ್ಲ ಸರಿದುಹೋಗುತ್ತದೆ. ಪ್ರೋಗ್ರಾಂ ಶುರುವಾದಾಗ ಸಾವಿರಾರು ಹಿಟ್, ಸಾವಿರಾರು ಮಿಸ್ ಅಳೆದು ಗೆರೆಯನ್ನು ತಾನೇ ಕಂಡುಕೊಳ್ಳುವಂತೆ ಬರೆಯಿರಿ.

ಶಂಟ್_ರೆಸಿಸ್ಟರ್

ಕ್ಯಾಶ್ ಬಿಟ್ಟು ವಿದ್ಯುತ್ ಸೋರಿಕೆಯ ಕೆಲಸ ಮಾಡುವವರಿಗೂ ಒಂದು ಮಾತು ಇರಲಿ. ಮಾಸ್ಕ್ ಹಾಕಿದ (ಯಾದೃಚ್ಛಿಕ ಅಂಕಿ ಬೆರೆಸಿ ಮರೆಮಾಡಿದ) ಎಇಎಸ್ ಗೂಢಲಿಪಿ ಥರದ್ದಕ್ಕೆ ಎಲ್ಲರೂ ಟಿವಿಎಲ್‌ಎ ಅನ್ನುವ ಸೋರಿಕೆ ಪರೀಕ್ಷೆ ತೋರಿಸುತ್ತಾರೆ: ಸ್ಥಿರ ಇನ್‌ಪುಟ್, ಯಾದೃಚ್ಛಿಕ ಇನ್‌ಪುಟ್ ಎರಡು ಗುಂಪು, ವೆಲ್ಚ್ ಟಿ ಪರೀಕ್ಷೆ, 4.5 ದಾಟಿದರೆ ಸೋರಿಕೆ. ತಪ್ಪಾಗುವುದು ಅಳೆಯುವ ಕ್ರಮದಲ್ಲಿ. ಮೊದಲು ಸ್ಥಿರದ್ದೆಲ್ಲ, ಆಮೇಲೆ ಯಾದೃಚ್ಛಿಕದ್ದೆಲ್ಲ ತೆಗೆದರೆ ನಡುವೆ ಬೋರ್ಡ್ ಬಿಸಿಯಾಗಿ ಸರಾಸರಿ ಸರಿದಿರುತ್ತದೆ, ಟಿ ಬೆಲೆ ಆಕಾಶಕ್ಕೆ ಹೋಗುತ್ತದೆ. ಪ್ರತಿ ಅಳತೆಗೂ ನಾಣ್ಯ ಚಿಮ್ಮಿದಂತೆ ಯಾವ ಗುಂಪು ಅಂತ ಆಯಬೇಕು.

ಇದರ ಉಲ್ಟಾ ತಪ್ಪೂ ಇದೆ. 4.5 ದಾಟಲಿಲ್ಲ ಅಂತ ಸುರಕ್ಷಿತ ಅನ್ನುವುದು. ಟ್ರಿಗರ್ ಅಲುಗಾಡುತ್ತಿದ್ದರೂ ದಾಟುವುದಿಲ್ಲ, ಡಿಕಪ್ಲಿಂಗ್ ಕೆಪಾಸಿಟರ್ ಬೋರ್ಡಿನಲ್ಲೇ ಉಳಿದಿದ್ದರೂ ದಾಟುವುದಿಲ್ಲ. ಹಾಗಾಗಿ ಮಾಸ್ಕಿಗೆ ಯಾದೃಚ್ಛಿಕ ಸಂಖ್ಯೆ ಕೊಡುವ ಘಟಕವನ್ನು ಸೊನ್ನೆಗೆ ಕಟ್ಟಿ ಅದೇ ಅಳತೆ ಮೊದಲು ತೆಗೆಯಿರಿ. ಆಗ ಕಡಿಮೆ ಟ್ರೇಸ್‌ನಲ್ಲೇ (ಒಂದೊಂದು ಸಲದ ವಿದ್ಯುತ್ ಅಳತೆ) ಟಿ ಎದ್ದು ಕಾಣಬೇಕು. ಕಾಣದಿದ್ದರೆ ಕೆಟ್ಟಿರುವುದು ನಿಮ್ಮ ಮೇಜು. ಎರಡೂ ಚಿತ್ರ ಒಂದರ ಪಕ್ಕ ಒಂದು ಹಾಕಿ. ಸೋರಿಕೆ ಇದ್ದರೆ ಟಿ ಬೆಲೆ ಟ್ರೇಸ್ ಸಂಖ್ಯೆಯ ವರ್ಗಮೂಲದಂತೆ ಬೆಳೆಯುತ್ತದೆ. ನಾಲ್ಕು ಪಟ್ಟು ಟ್ರೇಸ್‌ಗೆ ಎರಡು ಪಟ್ಟು ಟಿ. ಹತ್ತು ಸಾವಿರಕ್ಕೆ ನಿಲ್ಲಿಸಿ "ಸೋರುವುದಿಲ್ಲ" ಅಂದರೆ ಓದುವವರು ಮನಸ್ಸಿನಲ್ಲೇ ಗುಣಿಸುತ್ತಾರೆ.

ಆರ್‌ಟಿಎಲ್_ರಾಣಿ

ಇನ್ನೂ ಪೇಪರ್ ಇಲ್ಲದ ವಿದ್ಯಾರ್ಥಿಗಳು ಇಲ್ಲಿ ಓದುತ್ತಿದ್ದರೆ ಹ್ಯಾಕ್‌ಆ್ಯಟ್‌ಡ್ಯಾಕ್ ಸ್ಪರ್ಧೆ ನೋಡಿ. ಡಿಸೈನ್ ಆಟೊಮೇಷನ್ ಸಮ್ಮೇಳನದ ಜೊತೆ 2018ರಿಂದ ನಡೆಯುತ್ತಿದೆ, ಇಂಟೆಲ್ ಜೊತೆ ಡಾರ್ಮ್‌ಸ್ಟಾಟ್ ಮತ್ತು ಟೆಕ್ಸಸ್ ಎ ಆಂಡ್ ಎಂ ವಿಶ್ವವಿದ್ಯಾಲಯಗಳು ನಡೆಸುತ್ತವೆ. ಬೇಕಂತಲೇ ಬಗ್ ತುಂಬಿದ ರಿಸ್ಕ್-ಫೈವ್ ಚಿಪ್‌ನ ಆರ್‌ಟಿಎಲ್ (ವಿನ್ಯಾಸದ ಕೋಡ್) ಕೊಡುತ್ತಾರೆ, ಹುಡುಕಬೇಕು. ಬೆಂಗಳೂರಿನ ವೆರಿಫಿಕೇಶನ್ ಕೆಲಸ ಗೊತ್ತಿದ್ದವರಿಗೆ ಅರ್ಧ ದಾರಿ ಸವೆದಂತೆ.

ಒಂದು ಮಾದರಿ ಬಗ್: ರಿಜಿಸ್ಟರಿಗೆ ಬೀಗದ ಬಿಟ್ ಇದೆ. ಬರೆಯಲು ಅನುಮತಿಯ ಷರತ್ತು "ಬರೆಯುವ ಸಂಕೇತ ಇದೆ, ಮತ್ತು ಬೀಗ ಹಾಕಿಲ್ಲ ಅಥವಾ ಸ್ಕ್ಯಾನ್ ಮೋಡ್ ಅಥವಾ ಡಿಬಗ್ ತೆರೆದಿದೆ". ಪರೀಕ್ಷೆಗೆ ಅನುಕೂಲ ಅಂತ ಸೇರಿಸಿದ ಆ ಎರಡು ಅಥವಾಗಳೇ ಬೀಗದ ಪಕ್ಕದ ಕಿಟಕಿ. ಸಿಡಬ್ಲ್ಯೂಇ ಎಂಬ ದೋಷಗಳ ಪಟ್ಟಿಯಲ್ಲಿ ಇದರ ಸಂಖ್ಯೆ 1234. ಹಾರ್ಡ್‌ವೇರ್ ದೋಷಗಳಿಗೆ ಆ ಪಟ್ಟಿಯಲ್ಲಿ ಜಾಗ ಸಿಕ್ಕಿದ್ದೇ 2020ರ ಫೆಬ್ರವರಿಯ 4.0 ಆವೃತ್ತಿಯಲ್ಲಿ.

"ಸಾಲು ಇಷ್ಟರಲ್ಲಿ ತಪ್ಪಿದೆ" ಅಂದರೆ ಅದು ವರದಿಯಲ್ಲ. ಯಾವ ಆಸ್ತಿಗೆ ಅಪಾಯ, ದಾಳಿಕೋರನಿಗೆ ಮೊದಲೇ ಏನು ಕೈಯಲ್ಲಿರಬೇಕು (ಬರೀ ಬಳಕೆದಾರ ಪ್ರೋಗ್ರಾಮಾ, ಜೆಟ್ಯಾಗ್ ಎಂಬ ಡಿಬಗ್ ತಂತಿಯಾ), ತಿದ್ದುಪಡಿ ಏನು, ಮೂರೂ ಬರೆಯಿರಿ. ಪೇಪರಿನ ಬೆದರಿಕೆ ಮಾದರಿ ಬರೆಯುವ ಅಭ್ಯಾಸವೂ ಇಲ್ಲೇ ಆಗುತ್ತದೆ.

ಲೆಕ್ಕಶಾಖೆ

ಹಣದ ಪ್ರಶ್ನೆಗೆ ಯಾರೂ ಕೈ ಹಾಕಲಿಲ್ಲ. ವಿದೇಶಿ ಕಂಪನಿಯ ಹಣ ಸಂಸ್ಥೆಗೆ ಬಂದರೆ 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆ ಬರುತ್ತದೆ. ಎನ್‌ಐಟಿ ಸುರತ್ಕಲ್ ಥರ ಸಂಸತ್ತಿನ ಕಾಯ್ದೆಯಡಿ ಇದ್ದು ಸಿಎಜಿ ಲೆಕ್ಕಪರಿಶೋಧನೆ ಕಡ್ಡಾಯವಿರುವ ಸಂಸ್ಥೆಗಳಿಗೆ ವಿನಾಯಿತಿ ಇದೆ. ಖಾಸಗಿ ಎಂಜಿನಿಯರಿಂಗ್ ಕಾಲೇಜಿನ ಟ್ರಸ್ಟ್‌ಗೆ ನೋಂದಣಿ ಅಥವಾ ಪೂರ್ವಾನುಮತಿ ಬೇಕು. 2020ರ ತಿದ್ದುಪಡಿಯಾದ ಮೇಲೆ ಹಣ ಮೊದಲು ಬಂದು ಬೀಳಬೇಕಾದ್ದು ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಗೆ. ಅಲ್ಲಿಂದ ಇನ್ನೊಂದು ಸಂಸ್ಥೆಗೆ ದಾಟಿಸುವ ಹಾಗಿಲ್ಲ. ಎರಡು ಕಾಲೇಜಿನವರು ಸೇರಿ ಬರೆದ ಪೇಪರ್ ಇದ್ದರೆ ಇಲ್ಲೇ ಎಡವುವುದು: ಒಬ್ಬರಿಗೆ ಬಂದ ಹಣ ಆಮೇಲೆ ಹಂಚಲು ಬರುವುದಿಲ್ಲ. ಪಾಲು ಬೇರೆ ಬೇರೆ ಕಳಿಸಿ ಅಂತ ಕಂಪನಿಗೆ ಮೊದಲೇ ಹೇಳಿ.

ಲೇಖಕರ ಹೆಸರಿಗೇ ಬರುವುದಾದರೆ, ಸರ್ಕಾರಿ ಸಂಸ್ಥೆಯ ನೌಕರರು ಒಪ್ಪಿಕೊಳ್ಳುವ ಮೊದಲು ಲಿಖಿತ ಅನುಮತಿಯ ಬಗ್ಗೆ ಕುಲಸಚಿವರ ಕಚೇರಿಯಲ್ಲಿ ಕೇಳಲೇಬೇಕು. ಸರ್ಕಾರ ಕೊಡುವ ಅಥವಾ ಅಧಿಸೂಚಿಸಿದ ಪ್ರಶಸ್ತಿಗಿರುವ ತೆರಿಗೆ ವಿನಾಯಿತಿ ಕಂಪನಿ ಪ್ರಶಸ್ತಿಗೆ ತಾನಾಗಿ ಬರುವುದಿಲ್ಲ.

ಎಲ್‌ತ್ರೀ_ಪದರ

ಎಲ್ಲರಿಗೂ ಧನ್ಯವಾದ. ಮೊದಲ ಪ್ಯಾರಾ ಹೀಗೆ ಬರೆದಿದ್ದೇನೆ, ಬೈದು ಹೇಳಿ:

"ಕ್ಯಾಶ್ ದಾಳಿಗಳು ಇಂದಿನ ಬಹುದೊಡ್ಡ ಸವಾಲು. ನಮ್ಮ ವಿನ್ಯಾಸ ಇವುಗಳಿಗೆ ಸಂಪೂರ್ಣ ಪರಿಹಾರ ಒದಗಿಸುತ್ತದೆ. ಸರಾಸರಿ ನಷ್ಟ ಅತ್ಯಲ್ಪ."

ಹದಿನೇಳು_ಗುಂಪು

ಮೊದಲ ವಾಕ್ಯ ಅವರಿಗೆ ನಿಮಗಿಂತ ಚೆನ್ನಾಗಿ ಗೊತ್ತು, ಹೊಡೆದುಹಾಕಿ. "ಸಂಪೂರ್ಣ" ಅಂದ ಕೂಡಲೇ ಸೀಸರ್ ನೆನಪಾಗುತ್ತದೆ. ಡಿಕ್ಕಿಯ ದಾಳಿಗೆ ಮಾತ್ರವಾ, ಕ್ಯಾಶ್ ಎಷ್ಟು ತುಂಬಿದೆ ಅಂತ ನೋಡುವ ದಾಳಿಗೂವಾ? ಕಲಸುವುದರಿಂದ ಎರಡನೆಯದು ನಿಲ್ಲುವುದಿಲ್ಲ. ಅದನ್ನು ನೀವೇ ಹೇಳಿ.

ಮೈಕ್ರೋಕೋಡ್_ಮಾಮ

"ಸರಾಸರಿ" ಕೂಡ ಬೇಡ. ಸ್ಪೆಕ್ ಎಂಬ ವೇಗ ಅಳೆಯುವ ಪರೀಕ್ಷೆಗಳ ಸರಾಸರಿಯಲ್ಲಿ ಕ್ಯಾಶ್ ಮುಟ್ಟದ ಪ್ರೋಗ್ರಾಮುಗಳು ನಷ್ಟವನ್ನು ಮರೆಮಾಚುತ್ತವೆ. ಎಂಸಿಎಫ್ ಥರ ಮೆಮೊರಿ ತಿನ್ನುವ ಒಂದರ ಅಂಕಿ ಕೊಡಿ, ಅದು ಕೆಟ್ಟದಾಗಿದ್ದರೂ ಸರಿ. ಹಿಟ್ ದಾರಿಯಲ್ಲಿ ಗೂಢಲಿಪಿಗೆ ಎಷ್ಟು ಸೈಕಲ್ ಸೇರಿತು, ಪ್ರತಿ ಸಾಲಿಗೆ ಎಷ್ಟು ಬಿಟ್ ಹೆಚ್ಚಾಯಿತು, ಅವೂ ಇರಲಿ.

ಎಲ್‌ತ್ರೀ_ಪದರ

ತಿದ್ದಿದ್ದು:

"ಇತರ ಸಾಲುಗಳನ್ನು ಹೊರದೂಡಿ ಕದ್ದು ನೋಡುವ ದಾಳಿಯನ್ನು, ಗುಂಪು ಪರೀಕ್ಷೆಯ ಅಲ್ಗಾರಿದಮ್ ಬಳಸುವ ಎದುರಾಳಿಯ ವಿರುದ್ಧವೂ, ಈ ವಿನ್ಯಾಸ ತಡೆಯುತ್ತದೆ. ಕ್ಯಾಶ್ ಎಷ್ಟು ತುಂಬಿದೆ ಎಂಬುದರ ಸೋರಿಕೆಯನ್ನು ತಡೆಯುವುದಿಲ್ಲ. ಬೆಲೆ: ಹಿಟ್ ದಾರಿಯಲ್ಲಿ 2 ಸೈಕಲ್, ಅತಿ ಹೆಚ್ಚು ನಷ್ಟ ಎಂಸಿಎಫ್‌ನಲ್ಲಿ, ಚಿತ್ರ 9."

ಇಂಟರಪ್ಟ್_ಗೌಡ

ಈಗ ಓದಬಹುದು. ಚಿತ್ರ 9ನ್ನು ಹೆಸರಿಸಿ ಬಿಡಬೇಡಿ, ಪತ್ರದೊಳಗೇ ಹಾಕಿ. ಕ್ಯಾಶ್ ಭಾಗ ಕಿತ್ತು ಓಡಿಸಿದ ಪರೀಕ್ಷೆ ಏನಾಯಿತು, ಅದಿನ್ನೂ ಹೇಳಲಿಲ್ಲ ನೀವು.

ಎಲ್‌ತ್ರೀ_ಪದರ

ಇನ್ನೂ ಓಡಿಸಿಲ್ಲ ಸರ್. ಈ ವಾರ ಓಡಿಸಿ, ಬಂದ ಅಂಕಿಯನ್ನು ಇಲ್ಲೇ ಹಾಕುತ್ತೇನೆ.